ನಲವತ್ತೊಂದನೇ ಪುಟದಲ್ಲಿ ಸತ್ತವಳು

ಹೊಸನಗರ
೨೭ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಬಿಂದು,

ನಾವೆಲ್ಲ ಇಲ್ಲಿ ಕ್ಷೇಮ. ನೀನೂ ತೀರ್ಥಹಳ್ಳಿಯಲ್ಲಿ ಕ್ಷೇಮವಾಗಿರುವೆ ಎಂದು ಮೊನ್ನೆ ಪತ್ರಿಕೆಯಲ್ಲಿ ನಿನ್ನ ಫೋಟೊ ನೋಡಿ ತಿಳಿದುಕೊಂಡೆ. ಸೀರೆ ಚೆನ್ನಾಗಿತ್ತು. ನಿನ್ನ ಕಾದಂಬರಿ ನನ್ನ ಕೈಗೆ ಬಂದು ಎರಡು ತಿಂಗಳಾಯಿತು. "ಓದಿದೆಯಾ? ಹೇಗಿದೆ?" ಎಂದು ನೀನು ಐದು ಸಲ ಮೆಸೇಜ್ ಹಾಕಿದೆ. ಐದು ಸಲವೂ ನಾನು ಕೈಮುಗಿಯುವ ಚಿತ್ರ ಕಳಿಸಿ ತಪ್ಪಿಸಿಕೊಂಡೆ. ಉತ್ತರ ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕಚೇರಿಯಲ್ಲಿ ಕೆಲಸ ಹೆಚ್ಚು ಎಂದು ಬರೆದು ಪಾರಾಗಬಹುದಿತ್ತು, ಆದರೆ ನಿನ್ನ ಪುಸ್ತಕವನ್ನು ಬಂದ ಮೂರೇ ದಿನದಲ್ಲಿ ಓದಿ ಮುಗಿಸಿದ್ದೆ. ಆಮೇಲೆ ಇನ್ನೂ ಎರಡು ಸಲ ಓದಿದೆ. ಫೋನ್ ಮಾಡಿದರೆ ನೀನು ಏನಾದರೊಂದು ಹೇಳಿ ನಗಿಸಿಬಿಡುತ್ತೀಯ. ನಕ್ಕ ಮೇಲೆ ನನಗೆ ಜಗಳ ಆಡಲು ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಮಾತು ಆಡಿಬಿಡುತ್ತೇನೆ. ಪ್ರಪಂಚ ಮುಳುಗುವುದನ್ನು ನೀನು ಬಹಳ ಚೆನ್ನಾಗಿ ಬರೆದಿದ್ದೀಯ. ಮೂರು ತಿಂಗಳು ಬಿಡದೆ ಸುರಿಯುವ ಮಳೆ, ಅಣೆಕಟ್ಟು ಒಡೆಯುವುದು, ಕರೆಂಟು ಹೋದದ್ದು ಮತ್ತೆ ಬಾರದೇ ಇರುವುದು, ಸಾಗರದ ಪೇಟೆಯಲ್ಲಿ ಜನ ಉಪ್ಪಿಗಾಗಿ ಹೊಡೆದಾಡುವುದು, ಕೊನೆಗೆ ಒಂದು ಗುಡ್ಡದ ಮೇಲೆ ಮೂವತ್ತೊಂದು ಜನ ಉಳಿಯುವುದು. ಉಪ್ಪಿನ ಪ್ರಕರಣ ಓದುವಾಗ ನಾನು ಎದ್ದು ಹೋಗಿ ನಮ್ಮ ಉಪ್ಪಿನ ಡಬ್ಬಿ ತೆರೆದು ನೋಡಿ ಬಂದೆ. ಮಾರನೆಯ ದಿನ ಎರಡು ಪ್ಯಾಕೆಟ್ ಹೆಚ್ಚಿಗೆ ತಂದೆ. ಇಷ್ಟು ಹೊಗಳಿಕೆ ಸಾಕು ಅನ್ನಿಸುತ್ತದೆ.

ಈ ಕಥೆ ಶುರುವಾದದ್ದು ಎಲ್ಲಿ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಸಾಗರದ ಹಾಸ್ಟೆಲಿನಲ್ಲಿ ಮಳೆಗಾಲದ ಸಂಜೆ ಕರೆಂಟು ಹೋದಾಗೆಲ್ಲ ಆಡುತ್ತಿದ್ದೆವಲ್ಲ, ಆ ಆಟ. "ಪ್ರಪಂಚ ಮುಳುಗ್ತಾ ಉಂಟು. ದೋಣಿಯಾಗೆ ಇನ್ನೊಬ್ರಿಗೆ ಮಾತ್ರ ಜಾಗ. ಯಾರನ್ನ ಕರೀತಿ?" ಎಂದು ಕೇಳುವುದು. ನೀನು ಪ್ರತಿ ಸಲವೂ "ಯಶೋಧಾ" ಅನ್ನುತ್ತಿದ್ದೆ, ನಾನು ಪ್ರತಿ ಸಲವೂ "ಬಿಂದು" ಅನ್ನುತ್ತಿದ್ದೆ. ಪಕ್ಕದ ಮಂಚದ ಶಿಲ್ಪಶ್ರೀ ಮುಸುಕಿನೊಳಗಿಂದಲೇ, "ಒಂದ್ ಸಲನಾದ್ರೂ ನನ್ನ ಹತ್ತಿಸ್ಕಳ್ರೇ ಮಾರಾಯ್ತೀರಾ," ಎಂದು ಗೋಳಾಡುತ್ತಿದ್ದಳು. ಮೂರು ವರ್ಷದಲ್ಲಿ ಒಂದು ಸಲವೂ ನಾವು ಅವಳನ್ನು ಹತ್ತಿಸಿಕೊಳ್ಳಲಿಲ್ಲ.

ಈಗ ಶಿಲ್ಪಶ್ರೀ ನಿನ್ನ ಗುಡ್ಡದ ಮೇಲಿದ್ದಾಳೆ! ಹೆಸರು ಬದಲಾಯಿಸಿದ್ದೀಯ, ಆದರೆ ಮುಸುಕು ಹಾಕಿಕೊಂಡೇ ಮಾತಾಡುವವಳು ಇನ್ಯಾರು? ನಾನು ಪೆನ್ಸಿಲು ಹಿಡಿದು ಮೂವತ್ತೊಂದು ಜನರನ್ನೂ ಗುರುತು ಹಾಕಿದೆ. ನಮ್ಮತ್ತೆ ದುಗ್ಗಮ್ಮ ಇದ್ದಾರೆ. ನಮ್ಮ ಕೇರಿಯ ಹೂವಯ್ಯ ಇದ್ದಾರೆ. ಲೆಕ್ಕಕ್ಕೆ ಸೇರದಿದ್ದರೂ ನಮ್ಮ ಮನೆಯ ಒಂದು ಕಿವಿ ಹರಿದ ನಾಯಿಯೂ ಇದೆ. ನಮ್ಮವರಂತೂ ಇದ್ದೇ ಇದ್ದಾರೆ. ಸುರೇಂದ್ರ ಎಂಬ ಹೆಸರನ್ನು ಸುಧೀಂದ್ರ ಮಾಡಿದ ಮಾತ್ರಕ್ಕೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆಯಾ? ಮೋಟಾರು ರಿಪೇರಿ ಮಾಡುವವನು, ಎಡಗೈ ಮೇಲೆ ಸುಟ್ಟ ಕಲೆ, ಯೋಚಿಸುವಾಗ ಕಿವಿಯ ಹಿಂದೆ ಸ್ಕ್ರೂಡ್ರೈವರು ಸಿಕ್ಕಿಸಿಕೊಳ್ಳುವವನು. ಆ ಕಲೆಯ ಬಗ್ಗೆ ನೀನು ಅರ್ಧ ಪುಟ ಬರೆದಿದ್ದೀಯ. ಹದಿನೆಂಟು ವರ್ಷ ಸಂಸಾರ ಮಾಡಿದ ನಾನು ಅದನ್ನು ಅಷ್ಟು ಹೊತ್ತು ನೋಡಿಲ್ಲ.

ಇಲ್ಲದವಳು ನಾನೊಬ್ಬಳೇ. ಅಲ್ಲ, ನಾನೂ ಇದ್ದೇನೆ, ನಲವತ್ತೊಂದನೇ ಪುಟದವರೆಗೆ. ಸುಧೀಂದ್ರನ ಹೆಂಡತಿ ವಸುಧಾ ಅಡುಗೆಮನೆ ಗೋಡೆಗೆ ಸಗಣಿಯಲ್ಲಿ ಮೆತ್ತಿಟ್ಟ ಬೀಜ ತರುತ್ತೇನೆಂದು ನೀರು ಏರುತ್ತಿರುವ ಮನೆಗೆ ವಾಪಸ್ ಓಡುತ್ತಾಳೆ, ಗಂಟನ್ನು ಗಂಡನ ಕೈಗೆ ಎಸೆಯುತ್ತಾಳೆ, ಕೈ ಜಾರಿ ಹೊಳೆಪಾಲಾಗುತ್ತಾಳೆ. ನಾಲ್ಕೇ ಸಾಲು. ನಲವತ್ತೆರಡನೇ ಪುಟದಿಂದ ಆ ಗಂಟು, ಆ ಗಂಡ ಎರಡೂ ನಿನ್ನ ಕಥಾನಾಯಕಿಯ ಪಾಲು. ಅವಳ ಹೆಸರು ಬಿಂಬಾ ಅಂತೆ. ಇನ್ನೂ ಸ್ವಲ್ಪ ದೂರದ ಹೆಸರು ಸಿಗಲಿಲ್ಲವೇ ನಿನಗೆ?

ನನಗೆ ಹೊಟ್ಟೆಕಿಚ್ಚು ಬಿಂದು. ಸುತ್ತಿ ಬಳಸಿ ಹೇಳುವುದಿಲ್ಲ. ಕರೆಂಟು ಹೋದ ಮೇಲೆ ಹಳ್ಳದ ನೀರಿನಿಂದ ಮೋಟಾರು ತಿರುಗಿಸಿ ದೀಪ ಹಚ್ಚುವುದು ಹೇಗೆ ಎಂದು ಕೇಳಲು ಹೋದ ವರ್ಷ ನೀನು ನಮ್ಮ ಮನೆಗೆ ನಾಲ್ಕು ಸಲ ಬಂದೆ. ಅಂಗಳದ ಶೆಡ್ಡಿನಲ್ಲಿ ಅವರು ಹಳೆ ಮೋಟಾರು ಬಿಚ್ಚಿ ನಿನಗೆ ಒಂದೊಂದೇ ತೋರಿಸಿದರು. ನಾನು ಒಳಗೆ ಕಡುಬು ಬೇಯಿಸಿದೆ. ನಮ್ಮ ಮಿಕ್ಸಿ ಕೆಟ್ಟು ಆರು ತಿಂಗಳಾಗಿತ್ತು; "ನಾಳೆ ನೋಡ್ತೀನಿ" ಎಂದು ಮುಂದೆ ಹಾಕುತ್ತಿದ್ದ ಮನುಷ್ಯ ನಿನಗೆ ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆದು ಕೊಟ್ಟರು. ಆಮೇಲೆ ಫೋನು. "ಪ್ರಳಯ ಆದ ಮೇಲೆ ಗ್ರೀಸ್ ಎಲ್ಲಿ ಸಿಗ್ತದೆ ಅಂತ ಕೇಳ್ತಿದ್ರು ಬಿಂದು ಮೇಡಂ," ಎಂದು ಊಟಕ್ಕೆ ಕೂತಾಗ ನಗುತ್ತ ಹೇಳುತ್ತಿದ್ದರು. ಆ ನಗು ನನ್ನ ಸಾರಿಗೆ ಎಂದೂ ಬಂದದ್ದಿಲ್ಲ.

ಸಾಗರದಲ್ಲಿ ಪುಸ್ತಕ ಬಿಡುಗಡೆಯ ದಿನ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದೆ. ನಾನು ಕೆಳಗೆ ಎರಡನೇ ಸಾಲಿನಲ್ಲಿ ಅವರ ಬ್ಯಾಗು ಮಡಿಲಲ್ಲಿಟ್ಟುಕೊಂಡು ಚಪ್ಪಾಳೆ ಹೊಡೆದೆ. ಪುಸ್ತಕದ ಕೊನೆಯಲ್ಲಿ ನೆನೆದವರ ಪಟ್ಟಿ ಇದೆಯಲ್ಲ, ಅದರಲ್ಲಿ ಸುರೇಂದ್ರ ಅವರಿಗೆ ಏಳು ಸಾಲು. ಅದರ ಬಾಲಕ್ಕೆ "ಹಾಗೂ ಅವರ ಮನೆಯವರಿಗೆ" ಎಂದಿದೆ. ಆ ಮನೆಯವರು ಎಂದರೆ ನಾನು. ನಾಯಿಯೂ ಸೇರಿರಬಹುದು.

ಇನ್ನು ನಿನ್ನ ತಪ್ಪಿನ ವಿಷಯ. ಇದನ್ನು ಬರೆಯುವಾಗ ನನಗೆ ತುಸು ಸಂತೋಷವಾಗುತ್ತಿದೆ, ಮುಚ್ಚಿಡುವುದಿಲ್ಲ. ನಿನ್ನ ಬಿಂಬಾ ಆ ಬೀಜಗಳನ್ನು ಹಳ್ಳದಲ್ಲಿ ಚೆನ್ನಾಗಿ ತೊಳೆದು, ಸಗಣಿ ಬಿಡಿಸಿ, ಡಬ್ಬಿಯಲ್ಲಿ ಹಾಕಿಟ್ಟು ಒಂದು ವರ್ಷದ ನಂತರ ಬಿತ್ತುತ್ತಾಳೆ. ಗುಡ್ಡವೆಲ್ಲ ಹಸಿರು! ನಮ್ಮತ್ತೆಗೆ ಓದಿ ಹೇಳಿದೆ. "ತೊಳ್ದ್ಲಾ?" ಎಂದು ಕೇಳಿದರು. "ಹೌದು ಅತ್ತೆ." "ಹಂಗಾರೆ ಮೂವತ್ತೊಂದ್ ಜನಾನೂ ಉಪವಾಸ ಸತ್ರು ಅಂತ ಬರಿ ಅಂತ ಹೇಳು ಅವ್ಳಿಗೆ," ಎಂದು ಎಲೆ ಅಡಿಕೆ ಹಾಕಿಕೊಂಡರು.

ನೀನು ನಮ್ಮ ಗೋಡೆ ನೋಡಿದ್ದೀಯ, ಆದರೆ ಕೇಳಲಿಲ್ಲ. ಕೇಳಬೇಕಾದದ್ದು ನನ್ನನ್ನು. ಬಲಿತ ಸೌತೆಯ ಬೀಜ ತೆಗೆದು ಬೂದಿ ಹಾಕಿ ಸಗಣಿಯಲ್ಲಿ ಕಲಸಿ, ಅಡುಗೆಮನೆ ಗೋಡೆಗೆ ಬಿಲ್ಲೆ ಬಿಲ್ಲೆಯಾಗಿ ಮೆತ್ತಬೇಕು. ಹಸಿ ಇರುವಾಗಲೇ ಹೆಬ್ಬೆರಳಿನಿಂದ ಗುರುತು ಒತ್ತಬೇಕು. ಒಂದು ಒತ್ತಿದ್ದರೆ ಸೌತೆ, ಎರಡಿದ್ದರೆ ಹೀರೆ, ಮೂರಿದ್ದರೆ ಕುಂಬಳ. ಒಲೆಯ ಹೊಗೆ ತಾಗಿ ಮುಂದಿನ ಮಳೆಗಾಲದವರೆಗೆ ಹುಳ ಬೀಳುವುದಿಲ್ಲ. ಮೊದಲ ಮಳೆ ಬಂದಾಗ ಬಿಲ್ಲೆಯನ್ನು ಕಿತ್ತು ಪುಡಿ ಮಾಡಿ ಸಗಣಿ ಸಮೇತ ಮಣ್ಣಿಗೆ ಹಾಕುವುದು. ತೊಳೆದಿಟ್ಟರೆ ನಮ್ಮ ಕಡೆಯ ಥಂಡಿಗೆ ಬೂಸಲು ಹಿಡಿಯುತ್ತದೆ. ಗ್ಯಾಸ್ ಬಂದ ಮೇಲೂ ಒಂದು ಮೂಲೆಯಲ್ಲಿ ಒಲೆ ಇಟ್ಟುಕೊಂಡಿದ್ದೇವೆ, ಆ ಒಂದು ಗೋಡೆಗೆ ಮಾತ್ರ ಟೈಲ್ಸ್ ಹಾಕಿಸಿಲ್ಲ. ಅಲ್ಲಿರುವ ಗುರುತೆಲ್ಲ ನನ್ನ ಹೆಬ್ಬೆರಳಿನದು.

ಅತ್ತೆಗೆ ಪ್ರಳಯ ಹೊಸದೇನಲ್ಲ. ಅವರು ಮುಳುಗಡೆಯ ಕಾಲದವರು. ಅರವತ್ತು ವರ್ಷದ ಹಿಂದೆ ಅಣೆಕಟ್ಟಿನ ನೀರು ಅವರ ಊರಿಗೆ ಏರಿ ಬಂದಾಗ ಹದಿಮೂರು ವರ್ಷದ ಹುಡುಗಿ. ತಾಯಿ ಹುಲಿಗೆಮ್ಮ ಪಾತ್ರೆ ಪಗಡೆ ಬಿಟ್ಟು ಗೋಡೆಯ ಬೀಜ ಕೆತ್ತಿ ಮಗಳ ಮಡಿಲಿಗೆ ಹಾಕಿ ಲಾರಿ ಹತ್ತಿಸಿದರಂತೆ. ಈಗ ನಮ್ಮ ಗೋಡೆಯ ಮೇಲಿರುವುದು ಅದರ ಪೀಳಿಗೆಯೇ. ಇದನ್ನು ನಿನಗೆ ಹೇಳಿದವರು ನಮ್ಮವರು ಎಂದು ನನಗೆ ಆಮೇಲೆ ಗೊತ್ತಾಯಿತು. ನಾನು ಹೇಳಬೇಕೆಂದು ಇಟ್ಟುಕೊಂಡಿದ್ದ ಕಥೆ ಅದು.

ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನಾನು ಒಂದು ಕೆಲಸ ಮಾಡಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ನನಗೆ ಕಚೇರಿಯಲ್ಲಿ ವಿಪತ್ತು ನಿರ್ವಹಣೆಯ ಕಾಗದಪತ್ರದ ಕೆಲಸ ಎಂಬುದು ನಿನಗೆ ಗೊತ್ತಲ್ಲ. ಈ ತಿಂಗಳ ಹದಿನೇಳಕ್ಕೆ, ಗುರುವಾರ, ಅಣಕು ಕಾರ್ಯಾಚರಣೆ ಇತ್ತು. ಊರಿನ ಮೇಲ್ಗಡೆಯ ಅಣೆಕಟ್ಟಿಗೆ ಅಪಾಯ ಬಂದಿದೆ ಎಂದು ಭಾವಿಸಿಕೊಂಡು ಸೈರನ್ ಕೂಗಿಸುವುದು, ತಗ್ಗಿನ ಮನೆಯವರನ್ನೆಲ್ಲ ಶಾಲೆಯ ಗುಡ್ಡಕ್ಕೆ ಹತ್ತಿಸುವುದು. ಜನ ಹೆದರಬಾರದೆಂದು ಹಿಂದಿನ ದಿನವೇ ಆಟೋದಲ್ಲಿ ಮೈಕ್ ಕಟ್ಟಿ ಸಾರಿಸಿದ್ದರು. ನಮ್ಮ ಕೇರಿಗೆ ಇಳಿಯುವ ದಾರಿ ಇಕ್ಕಟ್ಟು. "ಮೇಡಂ, ನಿಮ್ ಕಡೆ ಆಟೋ ಇಳಿಯಲ್ಲ. ಆರ್ ಮನೆ ಅಲ್ವಾ, ನೀವೇ ಹೇಳ್ಬಿಡಿ," ಎಂದ ನಮ್ಮ ಕಚೇರಿಯ ಅಂಜನಪ್ಪ. ಐದು ಮನೆಗೆ ಹೇಳಿದೆ. ಆರನೆಯದು ನಮ್ಮದು, ಎಲ್ಲಕ್ಕಿಂತ ಕೆಳಗಿನದು. ಅಲ್ಲಿ ಹೇಳಲಿಲ್ಲ.

ಮರೆತದ್ದಲ್ಲ ಬಿಂದು. ಬೇಕೆಂದೇ ಹೇಳಲಿಲ್ಲ. ಸೈರನ್ ಕೂಗಿದಾಗ ಈ ಮನುಷ್ಯ ಮೊದಲು ಯಾರನ್ನು ನೆನೆಯುತ್ತಾರೆ ಎಂದು ನೋಡಬೇಕಿತ್ತು ನನಗೆ. ನಲವತ್ತೈದು ವರ್ಷದ ಹೆಂಗಸು, ಸರ್ಕಾರದ ಸೈರನ್ ಇಟ್ಟುಕೊಂಡು ಗಂಡನನ್ನು ಪರೀಕ್ಷೆ ಮಾಡಿದೆ. ನಗಬೇಕಾದರೆ ನಗು.

ನಾನು ಹತ್ತು ಗಂಟೆಗೇ ರಿಜಿಸ್ಟರ್ ಹಿಡಿದು ಗುಡ್ಡದ ಮೇಲೆ ನಿಂತೆ. ವಿಷಯ ಗೊತ್ತಿದ್ದ ಐದು ಮನೆಯವರು ಬಿಸಿಲು ಏರುವ ಮೊದಲೇ ಬಾಗಿಲು ಹಾಕಿಕೊಂಡು ಬಂದುಬಿಟ್ಟರು. ಹೂವಯ್ಯ ಮಂಡಕ್ಕಿ ಕಟ್ಟಿಕೊಂಡು ಬಂದಿದ್ದರು. "ಎಂತ ಮಾರಾಯ್ತಿ, ನಿನ್ ಗಂಡ ಬರಾಕಿಲ್ವಾ?" ಎಂದರು. "ಬರ್ತಾರೆ," ಎಂದೆ. ಹತ್ತೂವರೆಗೆ ಸರಿಯಾಗಿ ಸೈರನ್ ಕೂಗಿತು. ನಾನು ಫೋನ್ ಕೈಯಲ್ಲಿ ಹಿಡಿದುಕೊಂಡೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಫೋನ್ ಬರಲಿಲ್ಲ. ಆಗ ನನಗೆ ಬಂದ ಸಿಟ್ಟು ನಿಜವಾಗಿ ಅಣೆಕಟ್ಟು ಒಡೆದಿದ್ದರೂ ತಣಿಯುತ್ತಿರಲಿಲ್ಲ. ಅರ್ಧ ಗಂಟೆ ದಾಟಿದ ಮೇಲೆ ಸಿಟ್ಟು ಹೋಗಿ ಹೆದರಿಕೆ ಶುರುವಾಯಿತು.

ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಬಂದರು. ಬೆನ್ನ ಮೇಲೆ ಅತ್ತೆ, ಕುತ್ತಿಗೆಗೆ ನೇತುಹಾಕಿದ ಅಕ್ಕಿಚೀಲ, ಕಾಲಡಿಯಲ್ಲಿ ನಾಯಿ. ಎರಡೂ ಕೈ ಬೆರಳಿನ ತುದಿಯಲ್ಲಿ ರಕ್ತ. ನನ್ನನ್ನು ಕಂಡ ಕೂಡಲೇ ಅತ್ತೆಯನ್ನು ಇಳಿಸಿ ನೆಲದ ಮೇಲೆ ಕೂತುಬಿಟ್ಟರು. ಉಸಿರಾಡಲು ಆಗುತ್ತಿರಲಿಲ್ಲ. ಚೀಲವನ್ನು ನನ್ನ ಕಡೆ ನೂಕಿದರು.

"ಎಲ್ಲ ತಂದೀನಿ. ಸೌತೆ, ಹೀರೆ, ಕುಂಬಳ, ಎಲ್ಲ. ಇನ್ ನೀ ವಾಪಸ್ ಹೋಗ್ಬೇಡ."

ನನಗೆ ಮೊದಲು ಅರ್ಥವಾಗಲಿಲ್ಲ. ಚೀಲದೊಳಗೆ ಗೋಡೆಯ ಬಿಲ್ಲೆಗಳಿದ್ದವು, ಅರ್ಧಕ್ಕರ್ಧ ಒಡೆದಿದ್ದವು. "ಇದೆಂತಕ್ಕೆ ತಂದ್ರಿ?" ಎಂದೆ.

"ಆ ಪುಸ್ತಕದಾಗೆ ಆ ಹೆಂಗ್ಸು ಇದ್ಕೇ ಅಲ್ವನೇ ವಾಪಸ್ ಹೋಗಿ ಸತ್ತದ್ದು? ನೀನೂ ಹೋಗಿಬಿಡ್ತಿ ಅಂತ ನಂಗೊತ್ತು."

ನಿನ್ನ ನಲವತ್ತೊಂದನೇ ಪುಟವನ್ನು ಅವರೂ ಓದಿದ್ದರು ಬಿಂದು. ನಾನು ಅದನ್ನು ಓದಿ ನಿನ್ನ ಮೇಲೆ ಹಲ್ಲು ಕಡಿದೆ. ಅವರು ಅದನ್ನು ಓದಿ ಹೆದರಿಕೊಂಡಿದ್ದರು. ಅಷ್ಟು ಜನರ ಎದುರು ನಾನು ರಿಜಿಸ್ಟರಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ನಮ್ಮ ಸಾಹೇಬರು ಮೇಡಂ ಚೆನ್ನಾಗಿ ಅಭಿನಯ ಮಾಡಿದರು ಎಂದು ಮೆಚ್ಚಿಕೊಂಡರು.

ಅಣಕು ಎಂದು ಗೊತ್ತಾದ ಮೇಲೆ ಅವರು ಬೆರಳಿನ ರಕ್ತವನ್ನು ಅಂಗಿಗೆ ಒರೆಸಿಕೊಂಡರು. ಸೈರನ್ ಕೇಳಿ ಹೊರಗೆ ಬಂದು ನೋಡಿದರೆ ಕೇರಿಯ ಐದೂ ಮನೆಗೆ ಬೀಗ, ಒಂದು ನರಪಿಳ್ಳೆ ಇಲ್ಲ. ಎಲ್ಲರೂ ಆಗಲೇ ಓಡಿಹೋಗಿದ್ದಾರೆ, ನೀರು ಬಂದೇಬಿಟ್ಟಿತು ಎಂದುಕೊಂಡರಂತೆ. "ಊರಿಗೆಲ್ಲ ಹೇಳಿದ್ಯಂತೆ. ನಂಗೆ ಯಾಕ್ ಹೇಳ್ಲಿಲ್ಲ?" ಎಂದು ಕೇಳಿದರು. "ಮರ್ತೆ," ಎಂದೆ. "ಹೋಗ್ಲಿ ಬಿಡು, ಇಷ್ಟ್ ಕೆಲ್ಸದಾಗೆ ಮರ್ತ್ ಹೋಗ್ತದೆ," ಎಂದರು. ಅವರು ಬೈದಿದ್ದರೆ ನನಗೆ ಎಷ್ಟೋ ನಿರಾಳವಾಗುತ್ತಿತ್ತು. ಹೇಳಿಬಿಡಬೇಕೆಂದು ಹತ್ತು ದಿನದಿಂದ ಬಾಯಿ ತೆರೆಯುತ್ತೇನೆ, ಬೆರಳಿಗೆ ಕಟ್ಟಿದ ಬಟ್ಟೆ ನೋಡಿ ಮುಚ್ಚಿಕೊಳ್ಳುತ್ತೇನೆ. ಗೊತ್ತಾದರೆ ಇನ್ನೊಂದು ಸಲ ನನ್ನ ಮಾತನ್ನು ನಂಬುತ್ತಾರೋ ಇಲ್ಲವೋ. ನಿಜವಾದ ಸೈರನ್ ಕೂಗಿದ ದಿನ "ಏಳಿ, ಹೋಗೋಣ" ಎಂದರೆ ಈ ಮನುಷ್ಯ ಏಳಬೇಕಲ್ಲ. ನನಗೆ ಇರುವ ಭಯ ಅದೊಂದೇ.

ಮನೆಗೆ ಬಂದು ನೋಡಿದರೆ ಗೋಡೆ ತುಂಬ ಗುಳಿ. ಅತ್ತೆ ಗೋಡೆಯ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದರು. "ಸೈರನ್ ಕೂಗ್ತಲ್ಲ, ಮೊದ್ಲು ಫೋನ್ ಹಿಡ್ಕಂಡು ಅಂಗಳದಾಗೆ ಅಲ್ಲಿಂದಿಲ್ಲಿಗೆ ತಿರುಗ್ದ. ಆಮೇಲೆ ಒಳಗ್ ಬಂದು ಸ್ಕ್ರೂಡ್ರೈವರ್ ತಗಂಡು ಕೆತ್ತಾಕೆ ಶುರು ಮಾಡ್ದ. ಅದು ಮುರೀತು. ಮತ್ತೆ ಉಗುರಾಗೇ ಕಿತ್ತ. ನನ್ನವ್ವನೂ ಹಂಗೇ ಕಿತ್ತಿದ್ಲು."

"ಫೋನ್ ಯಾರಿಗೆ ಮಾಡಿದ್ರು ಅತ್ತೆ?" ಎಂದು ಕೇಳಿದೆ.

"ನಿಂಗೇ ಇರ್ಬೇಕು. ಇನ್ಯಾರಿಗೆ ಮಾಡ್ತಾನೆ?"

ನಾನು ಎದ್ದು ಕಾಫಿಗೆ ನೀರಿಟ್ಟೆ.

ಬಿಲ್ಲೆಗಳನ್ನು ಇನ್ನು ಗೋಡೆಗೆ ಮೆತ್ತಲು ಬರುವುದಿಲ್ಲ. ಒಡೆದದ್ದನ್ನೆಲ್ಲ ಬೂದಿಯಲ್ಲಿ ಹಾಕಿಟ್ಟಿದ್ದೇನೆ. ಒಡೆಯದೆ ಉಳಿದದ್ದರಲ್ಲಿ ಒಂದನ್ನು ಇದರೊಂದಿಗೆ ಕಳಿಸುತ್ತಿದ್ದೇನೆ, ಕಾಗದದಲ್ಲಿ ಸುತ್ತಿ ದೊಡ್ಡ ಬೆಂಕಿಪೊಟ್ಟಣದೊಳಗಿಟ್ಟಿದ್ದೇನೆ. ಮೂರು ಹೆಬ್ಬೆರಳಿನ ಗುರುತಿದೆ, ಕುಂಬಳ. ನಿನ್ನ ಮನೆಯ ಹಿತ್ತಿಲಲ್ಲಿ ಬಾವಿಕಟ್ಟೆಯ ಪಕ್ಕ ಬಿಸಿಲು ಬೀಳುವ ಜಾಗ ಇದೆಯಲ್ಲ, ಅಲ್ಲಿ ಹಾಕು. ತೊಳೆಯಬೇಡ. ನಿನ್ನ ಪುಸ್ತಕಕ್ಕೆ ಇನ್ನೂ ನಾಲ್ಕು ಮುದ್ರಣ ಬರಲಿ, ಪ್ರಶಸ್ತಿಯೂ ಬರಲಿ. ಎರಡನೇ ಮುದ್ರಣದಲ್ಲಿ ಬೀಜ ತೊಳೆಯುವ ಸಾಲು ತೆಗೆದುಬಿಡು, ಓದಿದವರು ಯಾರಾದರೂ ನಂಬಿಯಾರು. ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಒಬ್ಬಳೇ ಇರುತ್ತೀಯ, ಬಿಸಿಲಿನಲ್ಲಿ ಓಡಾಡಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈ ಮಾತನ್ನು ಹೊಟ್ಟೆಕಿಚ್ಚು ಇಟ್ಟುಕೊಂಡೇ ಹೇಳುತ್ತಿದ್ದೇನೆ, ಆದರೂ ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ನಿನ್ನ,
ಯಶೋಧಾ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ಕೈಗೆ ಬಟ್ಟೆ ಕಟ್ಟಿದ್ದರಿಂದ ಮಾರನೆಯ ದಿನ ಅವರ ಫೋನನ್ನು ನಾನೇ ಎತ್ತಬೇಕಾಯಿತು. ಅದರಲ್ಲಿ ಕಂಡಿತು, ಸೈರನ್ ಕೂಗಿದ ದಿನ ಹತ್ತು ಗಂಟೆ ಮೂವತ್ತನಾಲ್ಕು ನಿಮಿಷಕ್ಕೆ ನಿನಗೆ ಮಾಡಿದ್ದಾರೆ. ಮೂರು ನಿಮಿಷ ಮಾತಾಡಿದ್ದೀರಿ. ಕೇಳಿದೆ, ಅವರೇನೂ ಮುಚ್ಚಿಡಲಿಲ್ಲ. "ಅವ್ರು ಒಬ್ರೇ ಇರಾದಲ್ವಾ, ಮೇಲೆ ಹೋಗಿ ಅಂತ ಹೇಳ್ದೆ," ಎಂದರು. ನೀನಿರುವುದು ತುಂಗೆಯ ದಡದಲ್ಲಿ. ನಮ್ಮ ಕಡೆಯ ಶರಾವತಿಯ ನೀರು ನಿನ್ನ ಕಡೆಗೆ ಬರುವುದೇ ಇಲ್ಲ. ಆ ಗಾಬರಿಯಲ್ಲಿ ಯಾವ ಹೊಳೆ ಯಾವ ಕಡೆ ಹರಿಯುತ್ತದೆ ಎಂಬುದು ಅವರಿಗೆ ಮರೆತಿತ್ತು, ನಿನ್ನ ನಂಬರು ಮರೆತಿರಲಿಲ್ಲ. "ನಂಗೆ ಯಾಕ್ ಮಾಡ್ಲಿಲ್ಲ?" ಎಂದೆ. "ನಿಂಗೆ ಗೊತ್ತಿರ್ತದಲ್ಲ," ಎಂದರು. ಗೊತ್ತಿರುವವರಿಗೂ ಒಂದು ಸಲ ಹೇಳಬೇಕು ಎಂದು ಅವರಿಗೆ ತಿಳಿಯದು. ಅವರನ್ನು ಬಿಡು, ಉಗುರು ಕಿತ್ತುಹೋಗುವವರೆಗೆ ನನಗಾಗಿ ಗೋಡೆ ಕೆತ್ತಿದ್ದಾರೆ. ನಾನು ಕೇಳುವುದು ನಿನ್ನನ್ನು. ಅಣೆಕಟ್ಟು ಒಡೆದಿದೆ ಎಂದು ನಿನಗೆ ಹತ್ತು ಗಂಟೆ ಮೂವತ್ತೇಳು ನಿಮಿಷಕ್ಕೇ ಗೊತ್ತಾಯಿತು. ನಾನು ಇನ್ನೂ ಅರ್ಧ ಗಂಟೆ ಗುಡ್ಡದ ಮೇಲೆ ಫೋನ್ ಹಿಡಿದುಕೊಂಡೇ ನಿಂತಿದ್ದೆ, ನಿನ್ನ ಫೋನೂ ಬರಲಿಲ್ಲ. ಅಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಇತ್ತು ಬಿಂದು.